ಮೂರು ಮಡಿಕೆಯ ಫ್ರಾಕು

"ಇನ್ನೊಂದು ಸಲ ಮಡಿಸಮ್ಮ," ಎಂದಳು ನಿಧಾನಮ್ಮ.

ಸೇಲ್ಸ್ ಹುಡುಗಿ ಮೂಗು ಒರೆಸಿಕೊಂಡು ಫ್ರಾಕನ್ನು ಮತ್ತೆ ಕೊಡವಿದಳು. ಗಾಜಿನ ಕೌಂಟರಿನ ಮೇಲೆ ಬೋರಲು ಹಾಕಿ, ತೋಳುಗಳನ್ನು ಬೆನ್ನಿಗೆ ಮಡಚಿ, ಉದ್ದಕ್ಕೆ ಅರ್ಧ ಮಾಡಿ, ಕೆಳಗಿನ ಅಂಚಿನಿಂದ ಚಾಪೆಯ ಹಾಗೆ ಸುರುಳಿ ಸುತ್ತಿದಳು. ಸುರುಳಿಯನ್ನು ಹಿಂದಿನ ಗೂಡಿಗೆ ತೂರಿಸಿ, "ಹೀಗೇ ಮೇಡಂ. ಯಾವಾಗ್ಲೂ ಹೀಗೇನೇ," ಎಂದಳು.

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಮಾತಿನಮಲ್ಲಿ ಎಂದು. ಕಾಲುಚೀಲ ಕೊಳ್ಳಲು ಬಂದವರ ಕೈಗೆ ಕೋಟು, ಟೋಪಿ ಎಲ್ಲ ಹೊರಿಸಿ ಕಳಿಸುವ ನಾಲಿಗೆ ಅದು. ಒಡತಿಯ ಮೊಮ್ಮಗಳು ಗುಬ್ಬಿ ಕಾಣೆಯಾದ ದಿನದಿಂದ ಆ ನಾಲಿಗೆ ಬಿದ್ದುಹೋಗಿತ್ತು. ಮಗುವನ್ನು ಕೊನೆಯದಾಗಿ ನೋಡಿದವಳು ಅವಳೇ ಆದ್ದರಿಂದ ಪೊಲೀಸರು ಠಾಣೆಗೆ ಕರೆಸಿ ದಿನವಿಡೀ ಕೂರಿಸಿಕೊಂಡಿದ್ದರು. ಬಿಟ್ಟು ಕಳಿಸಿದ್ದರೂ ಬೀದಿ ಅವಳನ್ನು ಬಿಟ್ಟಿರಲಿಲ್ಲ.

ಗುಬ್ಬಿಗೆ ಆರು ವರ್ಷ. ರಜೆ ಶುರುವಾಗುವ ಹಿಂದಿನ ದಿನ, ಅಂಗಡಿ ಕಿಕ್ಕಿರಿದಿದ್ದ ಹೊತ್ತಿನಲ್ಲಿ, ಕೌಂಟರಿನ ಪಕ್ಕದ ಮರದ ಕುದುರೆಯಿಂದ ಇಳಿದವಳು ಮತ್ತೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎರಡು ದಿನ ಕಳೆದ ಮೇಲೆ ಅವಳ ನೀಲಿ ಫ್ರಾಕು ಕೆರೆಯ ದಂಡೆಯ ಮೇಲೆ ಸಿಕ್ಕಿತು.

ಅಲ್ಲಿಗೆ ಪೊಲೀಸರ ಮಟ್ಟಿಗೆ ಕಥೆ ಮುಗಿದಂತೆಯೇ. ಇನ್‌ಸ್ಪೆಕ್ಟರ್ ಬೆಳಿಗ್ಗೆಯೇ ಫೋನ್ ಮಾಡಿ ಹೇಳಿದ್ದ. ಬಸ್ ನಿಲ್ದಾಣದಲ್ಲಿ, ರೈಲಿನಲ್ಲಿ, ಊರಿನ ಹೊರದಾರಿಗಳಲ್ಲಿ ನಿಲ್ಲಿಸಿದ್ದ ಜನರನ್ನೆಲ್ಲ ಸಂಜೆಗೆ ವಾಪಸ್ ಕರೆಸುತ್ತಾನಂತೆ. ಇನ್ನು ಹುಡುಕುವುದು ನೀರಿನಲ್ಲಿ ಮಾತ್ರ. ಮಗು ಬದುಕಿದ್ದರೆ, ಈ ಸಂಜೆಯಿಂದ ಅದನ್ನು ಹುಡುಕುವವರು ಒಬ್ಬರೂ ಇರುವುದಿಲ್ಲ.

ಆ ಯೋಚನೆಯೇ ನಿಧಾನಮ್ಮನನ್ನು ಮತ್ತೆ ಅಂಗಡಿಗೆ ಎಳೆದು ತಂದಿತ್ತು.

ನಿಧಾನಮ್ಮ ಎಂದು ಹೆಸರಿಟ್ಟದ್ದು ಅವಳ ಹಳೆಯ ಠಾಣೆಯವರು. ಕೇಳಿದ ಪ್ರಶ್ನೆಗೆ ಉತ್ತರ ಹೇಳುವಷ್ಟರಲ್ಲಿ ಕೇಳಿದವನಿಗೆ ಪ್ರಶ್ನೆಯೇ ಮರೆತಿರುತ್ತದೆ ಎಂದು ಅಲ್ಲಿ ತಮಾಷೆ ನಡೆಯುತ್ತಿತ್ತು. ಪೊಲೀಸ್ ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆ ಶುರುಮಾಡಿದರೂ ಹೆಸರು ಬೆನ್ನು ಬಿಡಲಿಲ್ಲ. ಈಗಂತೂ ಐವತ್ತೈದು ದಾಟಿದೆ, ಮಂಡಿ ಬೇರೆ ನೋಯುತ್ತದೆ, ನಿಧಾನ ಎಂಬುದು ಅನಿವಾರ್ಯವೂ ಆಗಿದೆ.

ಇವತ್ತು ಮಾತ್ರ ಅವಳಿಗೆ ತನ್ನ ನಿಧಾನದ ಮೇಲೆ ಸಿಟ್ಟು ಬರುತ್ತಿತ್ತು.

"ದೊಡ್ಡಮ್ಮ, ನೀವೂ ಒಂದು ಮಡಿಸಿ ತೋರಿಸ್ತೀರಾ?"

ಗಲ್ಲಾಪೆಟ್ಟಿಗೆಯ ಬಳಿ ಕೂತಿದ್ದ ಅಂಗಡಿಯ ಒಡತಿ ತಲೆ ಎತ್ತಿದರು. ಬೀದಿಗೆಲ್ಲ ಅವರು ದೊಡ್ಡಮ್ಮ. ಗುಬ್ಬಿಯ ತಾಯಿಗೆ ಮಾತ್ರ ನಿಜವಾದ ದೊಡ್ಡಮ್ಮ, ಹೆತ್ತವಳ ಅಕ್ಕ. ನಿಧಾನಮ್ಮನನ್ನು ಈ ಕೆಲಸಕ್ಕೆ ಕರೆದವರೂ ಅವರೇ. ತಮ್ಮ ಅಂಗಡಿಯಿಂದಲೇ ಮೊಮ್ಮಗಳು ಹೋದಳಲ್ಲ ಎಂಬ ಕೊರಗಿನಲ್ಲಿ ಅವರ ಮುಖ ಇಷ್ಟೇ ದಿನಕ್ಕೆ ಇಳಿದುಹೋಗಿತ್ತು.

"ಬಟ್ಟೆ ಮಡಿಸಿದ್ರೆ ಮಗು ಸಿಗತ್ತಾ?" ಎಂದರು ದೊಡ್ಡಮ್ಮ. ಕೋಪವಿರಲಿಲ್ಲ, ದಣಿವಿತ್ತು.

"ಸಿಗಲ್ಲ. ಆದ್ರೂ ಮಡಿಸಿ."

ಅವರು ಎದ್ದು ಬಂದರು. ಅವರದೂ ಅದೇ ಸುರುಳಿ. ಬೇಕಾದರೆ ಮಾತಿನಮಲ್ಲಿಗಿಂತ ಇನ್ನೂ ಬಿಗಿ.

ಹೊರಗೆ ಮೋಡ ಕವಿದು ಬೀದಿ ಮಂಕಾಗಿತ್ತು. ರಜೆಗೆಂದು ಶೋಕೇಸಿನಲ್ಲಿ ಕಟ್ಟಿದ್ದ ಬಲೂನುಗಳು ಗಾಳಿ ಇಳಿದು ಸುಕ್ಕುಗಟ್ಟಿದ್ದವು. ಅವನ್ನು ಬಿಚ್ಚಲು ಯಾರಿಗೂ ಮನಸ್ಸಿಲ್ಲ. ಬೇರೆ ವರ್ಷಗಳಲ್ಲಿ ಈ ಹೊತ್ತಿಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲವಂತೆ. ಈಗ ಮುಂದೆ ಹಾದುಹೋಗುವ ತಾಯಂದಿರು ಮಕ್ಕಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಆಚೆ ಬದಿಗೆ ದಾಟಿ ಹೋಗುತ್ತಿದ್ದರು.

ನಿಧಾನಮ್ಮ ತನ್ನ ಮೊಬೈಲಿನಲ್ಲಿ ಒಂದು ಫೋಟೋ ತೆರೆದು ಇಬ್ಬರ ಮುಂದೆ ಇಟ್ಟಳು.

ಅದು ಕೆರೆಯ ದಂಡೆ. ನೀಲಿ ಫ್ರಾಕು. ಮೊದಲು ಅಲ್ಲಿಗೆ ಹೋದ ಪೇದೆ ಪುಣ್ಯಾತ್ಮ, ಬಟ್ಟೆ ಮುಟ್ಟುವ ಮೊದಲು ಫೋಟೋ ತೆಗೆದಿದ್ದ. ಠಾಣೆಗೆ ಬರುವಷ್ಟರಲ್ಲಿ ಅದು ಯಾವುದೋ ಚೀಲದಲ್ಲಿ ಮುದ್ದೆಯಾಗಿತ್ತು. ನೀರಿಗಿಳಿಯುವ ಮೊದಲು ಮಗುವೇ ಬಟ್ಟೆ ಬಿಚ್ಚಿ ಇಟ್ಟಿದೆ, ತಾಯಿ ಅಚ್ಚುಕಟ್ಟು ಕಲಿಸಿದ್ದಾಳೆ ಎಂದು ಇನ್‌ಸ್ಪೆಕ್ಟರ್ ಬರೆದುಕೊಂಡಿದ್ದ.

"ಆರು ವರ್ಷದ ಮಗು ಬಿಚ್ಚಿದ ಬಟ್ಟೆ ನೋಡಿದ್ದೀರಾ ನೀವು?" ಎಂದು ನಿಧಾನಮ್ಮ ಅವನನ್ನು ಕೇಳಿದ್ದಳು. ಅವನಿಗಿನ್ನೂ ಮದುವೆಯಾಗಿಲ್ಲ, ಪಾಪ.

ಫೋಟೋದಲ್ಲಿ ಫ್ರಾಕು ಚಪ್ಪಟೆಯಾಗಿ, ಅಡ್ಡಕ್ಕೆ ಮೂರು ಮಡಿಕೆಯಾಗಿತ್ತು. ತೋಳುಗಳು ಎದೆಯ ಮೇಲೆ ಬಂದಿದ್ದವು. ಕತ್ತಿನ ಹಿಂಭಾಗವನ್ನು ಹೊರಕ್ಕೆ ಮಗುಚಿದ್ದರಿಂದ ಒಳಗಿನ ಸೈಜಿನ ಪಟ್ಟಿ ಮೇಲೆ ಕಾಣುತ್ತಿತ್ತು. ಗುಂಡಿಗಳನ್ನೆಲ್ಲ ಹಾಕಿ, ಮೇಲಿನಿಂದ ಎರಡನೆಯದೊಂದನ್ನು ಬಿಟ್ಟಿದ್ದರು.

ಮಾತಿನಮಲ್ಲಿ ಬಗ್ಗಿ ನೋಡಿದಳು. "ನಾವು ಹೀಗೆ ಮಡಿಸಲ್ಲ ಮೇಡಂ. ಹೀಗೆ ಮಡಿಸಿದ್ರೆ ಗೂಡಲ್ಲಿ ಹಿಡಿಸೋದೇ ಇಲ್ಲ." ಅವಳ ಧ್ವನಿಯಲ್ಲಿ ಇಷ್ಟು ದಿನಕ್ಕೆ ಮೊದಲ ಬಾರಿಗೆ ಜೀವ ಬಂತು. ತಾನು ಮಾಡಿದ್ದಲ್ಲ ಎಂದು ತೋರಿಸಲು ಅವಳಿಗೊಂದು ಆಧಾರ ಸಿಕ್ಕಿತ್ತು.

ದೊಡ್ಡಮ್ಮ ಕೌಂಟರಿನ ಅಂಚನ್ನು ಹಿಡಿದುಕೊಂಡರು.

"ಗೊತ್ತಿದೆಯಾ ಈ ಮಡಿಕೆ?"

"ನಮ್ದೇ," ಎಂದರು ದೊಡ್ಡಮ್ಮ. "ಹಳೇದು. ಆಗ ಅಗಲದ ಹಲಗೆ ಇತ್ತು, ಒಂದರ ಮೇಲೊಂದು ಪೇರಿಸ್ತಿದ್ವಿ. ಸೈಜ್ ಕಾಣ್ಲಿ ಅಂತ ಕತ್ತು ಹೊರಗೆ. ಗಿರಾಕಿ ಕೈ ಹಾಕಿ ಒಳಗಿನ ಬಟ್ಟೆ ಮೆತ್ತಗಿದೆಯಾ ನೋಡ್ಲಿ ಅಂತ ಎರಡನೇ ಗುಂಡಿ ಬಿಡ್ತಿದ್ವಿ. ಈ ಗೂಡು ಹಾಕಿಸಿದ ಮೇಲೆ ಎಲ್ಲಾ ಬಿಟ್ವಿ."

"ಯಾವಾಗ ಹಾಕಿಸಿದ್ದು?"

"ಗುಬ್ಬಿ ಹುಟ್ಟೋಕೆ ಮುಂಚೆ."

"ಅದಕ್ಕೆ ಮೊದಲು ಅಂಗಡೀಲಿ ಬಟ್ಟೆ ಮಡಿಸ್ತಾ ಇದ್ದೋರು ಯಾರು ಯಾರು?"

"ನಾನು. ತೀರಿಹೋದ ನಮ್ಮ ಯಜಮಾನ್ರು. ಆಮೇಲೆ..."

ದೊಡ್ಡಮ್ಮ ನಿಲ್ಲಿಸಿದರು. ಅವರ ಕಣ್ಣು ತಾನಾಗಿಯೇ ಮೇಲಂತಸ್ತಿನ ಮೆಟ್ಟಿಲಿನ ಕಡೆ ಹೋಯಿತು. ಹೋದದ್ದು ಗೊತ್ತಾದ ಕೂಡಲೇ ಅದನ್ನು ಕಿತ್ತು ತಂದು ನೆಲಕ್ಕೆ ನೆಟ್ಟರು. ವಾಕ್ಯ ಮುಗಿಸುವಂತೆ ನಿಧಾನಮ್ಮ ಒತ್ತಾಯಿಸಲಿಲ್ಲ.

ಮಂಡಿಗೆ ಕೈಯೂರಿ ಮೆಟ್ಟಿಲು ಹತ್ತಿದಳು.

ಮೇಲೆ ಎರಡು ಕೋಣೆ. ಮುಂದಿನದರಲ್ಲಿ ಅಂಗಡಿಯ ರಟ್ಟಿನ ಪೆಟ್ಟಿಗೆಗಳು, ಕೈ ಮುರಿದ ಎರಡು ಗೊಂಬೆ ಮಾದರಿಗಳು, ಕಳೆದ ರಜೆಯ ಕಾಗದದ ತೋರಣ. ಹಿಂದಿನದರಲ್ಲಿ ಗುಬ್ಬಿಯ ತಾಯಿ. ಮದುವೆ ಮುರಿದು ಮಗುವನ್ನು ಕಟ್ಟಿಕೊಂಡು ಬಂದ ಮೇಲೆ ಅವಳ ಮನೆ ಇದೇ. ಹುಟ್ಟಿ ಬೆಳೆದದ್ದೂ ಇಲ್ಲೇ, ದೊಡ್ಡಮ್ಮನ ಸೆರಗು ಹಿಡಿದು.

ಬಾಗಿಲು ತೆರೆದೇ ಇತ್ತು. ಅವಳು ಮಂಚದ ಮೇಲೆ ಕೂತು, ಒಗೆದು ಒಣಗಿದ ಮಗುವಿನ ಬಟ್ಟೆಗಳನ್ನು ಮಡಿಸುತ್ತಿದ್ದಳು. ತೋಳು ಎದೆಯ ಮೇಲೆ. ಮೂರು ಮಡಿಕೆ. ಕತ್ತು ಹೊರಕ್ಕೆ. ಗುಂಡಿ ಹಾಕುತ್ತಾ ಹೋದ ಬೆರಳು ಎರಡನೆಯದನ್ನು ಹಾರಿಸಿ ಮುಂದಕ್ಕೆ ಹೋಯಿತು.

ಮನಸ್ಸು ಎಲ್ಲೋ ಇದ್ದರೂ ಕೈ ಕಲಿತದ್ದನ್ನು ಬಿಡುವುದಿಲ್ಲ. ಕಳ್ಳತನ ಮಾಡಿದವರಿಗಾದರೆ ಬೆರಳಚ್ಚಿನ ಭಯವಿರುತ್ತದೆ, ಮಡಿಕೆಯ ಭಯ ಯಾರಿಗಿರುತ್ತದೆ?

ನಿಧಾನಮ್ಮ ಸ್ಟೂಲನ್ನು ಎಳೆದುಕೊಂಡು ಕೂತಳು. ಈ ಹುಡುಗಿಯ ಅಳುವನ್ನು ಅವಳು ದಿನವೂ ನೋಡಿದ್ದಳು. ಆ ಅಳು ಸುಳ್ಳಲ್ಲ ಎಂದು ಈಗಲೂ ಪ್ರಮಾಣ ಮಾಡಿ ಹೇಳಬಲ್ಲಳು. ಅದಕ್ಕೇ ತಲೆಬುಡ ಗೊತ್ತಾಗದೆ ಒದ್ದಾಡುತ್ತಿದ್ದಳು.

"ಪೊಲೀಸ್ನವರು ಊರಲ್ಲಿ ಹುಡುಕೋದು ನಿಲ್ಲಿಸ್ತಾರಂತೆ," ಎಂದಳು. "ಬಸ್ ನಿಲ್ದಾಣದಲ್ಲೂ ಇನ್ಮೇಲೆ ಯಾರೂ ಇರಲ್ಲ."

ಹೀಗೆ ಹೇಳಿದರೆ ಎದುರಿನ ಮುಖ ಒಂದು ಚೂರಾದರೂ ಸಡಿಲವಾಗುತ್ತದೆ ಎಂದುಕೊಂಡಿದ್ದಳು. ಕಾವಲು ಹೋದರೆ ಅಡಗಿಸಿಟ್ಟವರಿಗೆ ದಾರಿ ಸಲೀಸು. ಆದರೆ ಗುಬ್ಬಿಯ ತಾಯಿಯ ಕೈಯಿಂದ ಬಟ್ಟೆ ಜಾರಿ ಬಿತ್ತು. ಮುಖದಲ್ಲಿ ರಕ್ತವೇ ಇಲ್ಲ.

"ಯಾಕೆ ನಿಲ್ಲಿಸ್ತಾರೆ? ನಿಲ್ಲಿಸಬೇಡಿ ಅಂತ ಹೇಳಿ ಮೇಡಂ. ನಿಮ್ಮ ಮಾತು ಅವರು ಕೇಳ್ತಾರೆ. ದಯವಿಟ್ಟು."

ನಿಧಾನಮ್ಮನ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಆದರೂ ಹಿಡಿದ ಎಳೆ ಬಿಡುವ ಜಾಯಮಾನ ಅವಳದಲ್ಲ. ಮಂಚದ ಮೇಲಿನ ಒಂದು ಅಂಗಿಯನ್ನು ಎತ್ತಿಕೊಂಡು, ಪಕ್ಕದಲ್ಲಿ ಮೊಬೈಲಿನ ಫೋಟೋ ಹಿಡಿದಳು.

"ಎರಡನೇ ಗುಂಡಿ ಯಾಕೆ ಹಾಕಿಲ್ಲ ನೀನು?"

ಇಷ್ಟು ದಿನ 'ನೀವು' ಎನ್ನುತ್ತಿದ್ದವಳು ಈಗ 'ನೀನು' ಎಂದಿದ್ದಳು. ಗುಬ್ಬಿಯ ತಾಯಿ ಅಂಗಿ ನೋಡಿದಳು, ಫೋಟೋ ನೋಡಿದಳು, ತನ್ನ ಕೈಗಳನ್ನು ನೋಡಿಕೊಂಡಳು. ಬೇರೆ ಯಾರದೋ ಕೈ ಎಂಬಂತೆ ಅವನ್ನು ತಿರುಗಿಸಿ ನೋಡಿದಳು.

"ನಂಗೆ ಗೊತ್ತೇ ಆಗ್ಲಿಲ್ಲ," ಎಂದಳು.

"ಕೆರೆ ಹತ್ರ ಫ್ರಾಕ್ ಇಟ್ಟಿದ್ದು ನೀನು."

"ಹೌದು."

"ಗುಬ್ಬೀನ ಅಂಗಡಿಯಿಂದ ಕಳಿಸಿದ್ದೂ ನೀನೇ."

"ಹಿಂದುಗಡೆ ಗೋದಾಮಿನ ಬಾಗಿಲಿಂದ. ಕಣ್ಣಾಮುಚ್ಚಾಲೆ ಆಟ ಅಂತ ಹೇಳಿದ್ದೆ. ಆಚೆ ದಾದಿ ಕಾರು ತಂದು ನಿಂತಿದ್ಲು. ಗುಬ್ಬಿ ಹುಟ್ಟಿದಾಗ ನೋಡ್ಕೊಂಡಿದ್ಲಲ್ಲ, ಅದೇ ದಾದಿ. ಊರಿನ ಆ ತುದೀಲಿ ಅವಳ ಮನೆ."

ಹೇಳಲು ಶುರುಮಾಡಿದವಳು ನಿಲ್ಲಿಸಲಿಲ್ಲ. ರಜೆಯ ದಿನಗಳೆಲ್ಲ ಮಗು ಅಪ್ಪನ ಬಳಿ ಇರಬೇಕೆಂದು ಕೋರ್ಟು ಹೇಳಿತ್ತು. ಮೊದಲ ದಿನವೇ ಬಂದು ಕರೆದುಕೊಂಡು ಹೋಗುವವನಿದ್ದ. ಹಿಂದಿನ ವಾರ ಇದೇ ಮೆಟ್ಟಿಲ ಮೇಲೆ ನಿಂತು, ಕರೆದುಕೊಂಡು ಹೋದರೆ ಮತ್ತೆ ತೋರಿಸುವುದಿಲ್ಲ, ದೇಶ ಬಿಟ್ಟೇ ಹೋಗುತ್ತೇನೆ ಎಂದು ಮುಖಕ್ಕೆ ಹೇಳಿ ಹೋಗಿದ್ದ.

"ಅದನ್ನ ಕೋರ್ಟಿಗೆ ಹೇಳ್ಬೇಕಿತ್ತು."

"ಬೇರೆ ಯಾರು ಕೇಳಿಸ್ಕೊಂಡ್ರು ಅಂತಾರೆ. ನಾನೊಬ್ಬಳೇ ಕೇಳಿಸ್ಕೊಂಡಿದ್ದು. ಅವನು ಎಲ್ಲರ ಮುಂದೆ ಎಷ್ಟು ಒಳ್ಳೆಯವನು, ನೀವೇ ನೋಡಿದ್ದೀರಲ್ಲ."

ನಿಧಾನಮ್ಮ ನೋಡಿದ್ದಳು. ಸುದ್ದಿ ತಿಳಿದು ಓಡಿಬಂದವನು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತು, ಹೋಗುವ ಬರುವವರೆಲ್ಲ ನಿಂತು ನೋಡುವಂತೆ ಅತ್ತಿದ್ದ. ಬೀದಿಯ ಅರ್ಧ ಜನ ಅವನಿಗೆ ನೀರು ತಂದುಕೊಟ್ಟಿದ್ದರು. ಮಗು ಕಾಣೆಯಾದ ಹೊತ್ತಿಗೆ ಅವನು ಕಚೇರಿಯಲ್ಲಿ ಹತ್ತು ಜನರ ಎದುರಿಗಿದ್ದನೆಂದು ಪೊಲೀಸರು ಖಚಿತ ಮಾಡಿಕೊಂಡಿದ್ದರು. ಆ ಅಳು ನಿಜವೋ ನಾಟಕವೋ ನಿಧಾನಮ್ಮನಿಗೆ ಇಂದಿಗೂ ಬಗೆಹರಿದಿಲ್ಲ.

"ಮಗು ಸತ್ತುಹೋಯ್ತು ಅಂತ ಎಲ್ಲರನ್ನೂ ನಂಬಿಸಿದೆ. ನಿನ್ನ ದೊಡ್ಡಮ್ಮ ಕೆಳಗೆ ಹೇಗಾಗಿದ್ದಾರೆ ನೋಡಿದ್ಯಾ? ಆ ಸೇಲ್ಸ್ ಹುಡುಗಿ ಠಾಣೆಗೆ ಹೋಗಿ ಬಂದ್ಲು."

"ಗೊತ್ತು. ಎಲ್ಲಾ ಗೊತ್ತು." ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನೀರಲ್ಲಿ ಹುಡುಕೋಕೆ ಶುರುಮಾಡಿದ್ರೆ ರಸ್ತೆ ಖಾಲಿಯಾಗತ್ತೆ. ಆಗ ಗುಬ್ಬೀನ ಕರ್ಕೊಂಡು ಎಲ್ಲಾದ್ರೂ ದೂರ ಹೋಗಿಬಿಡೋಣ ಅಂತಿದ್ದೆ. ಅಷ್ಟೇ ಯೋಚನೆ ಮಾಡಿದ್ದು. ಬೇರೆ ಏನೂ ತಲೇಲಿ ಇರ್ಲಿಲ್ಲ."

ನಿಧಾನಮ್ಮನಿಗೆ ಬೈಯಬೇಕೆನಿಸಿತು. ಆದರೆ ಮಗು ಬದುಕಿದೆ ಎಂಬ ಒಂದೇ ಮಾತಿಗೆ ಅವಳ ಎದೆಯ ಭಾರ ಅರ್ಧ ಇಳಿದಿತ್ತು.

"ಸರಿ. ಏಳು, ಹೋಗೋಣ. ಮೊದಲು ಮಗೂನ ನೋಡ್ತೀನಿ. ಆಮೇಲೆ ನಾನೇ ವಕೀಲರನ್ನ ಹಿಡಿದು ಏನಾದ್ರೂ ಮಾಡ್ತೀನಿ."

ಗುಬ್ಬಿಯ ತಾಯಿ ಏಳಲಿಲ್ಲ.

"ಏಳಮ್ಮ."

"ಅವಳು ಅಲ್ಲಿಲ್ಲ ಮೇಡಂ."

ಕೆಳಗೆ ಮಾತಿನಮಲ್ಲಿ ಯಾರಿಗೋ ಅಂಗಡಿ ಮುಚ್ಚಿದೆ ಎಂದು ಹೇಳುವುದು ಕೇಳಿಸಿತು. ನಿಧಾನಮ್ಮ ಎದ್ದು ಹೋಗಿ ಬಾಗಿಲು ಮುಂದಕ್ಕೆ ಹಾಕಿ ಬಂದಳು.

"ಎಲ್ಲಿಲ್ಲ?"

"ದಾದಿ ಮನೇಲಿ. ಇವತ್ತು ಬೆಳಿಗ್ಗೆ ದಾದಿ ಫೋನ್ ಮಾಡಿದ್ಲು. ಅವಳು ಅಡುಗೆಮನೇಲಿ ಹಾಲು ಕಾಯಿಸ್ತಿದ್ಲಂತೆ. ಯಾರೋ ಬಾಗಿಲು ತಟ್ಟಿದ್ರಂತೆ. ತೆಗೀಬೇಡ ಅಂತ ಕೂಗೋಷ್ಟರಲ್ಲಿ ಗುಬ್ಬಿ ಓಡಿಹೋಗಿ ತೆಗೆದಿದ್ದಾಳೆ. ದಾದಿ ಬಂದು ನೋಡೋ ಹೊತ್ತಿಗೆ ಬಾಗಿಲು ತೆರೆದಿತ್ತು, ಆಚೆ ಯಾರೂ ಇರ್ಲಿಲ್ಲ."

"ಬಲವಂತವಾಗಿ ಎಳ್ಕೊಂಡು ಹೋದ್ರಾ? ಕೂಗಿದ್ಲಾ ಮಗು?"

"ಕೂಗಿದ್ರೆ ಕೇಳಿಸ್ತಿತ್ತು ಅಂದ್ಲು ದಾದಿ." ಅವಳ ಧ್ವನಿ ತೀರ ತಗ್ಗಿತು. "ಗುಬ್ಬಿ ನಗ್ತಾ ಇದ್ಲಂತೆ."

ಗುರುತಿಲ್ಲದವರನ್ನು ನೋಡಿ ಮಗು ನಗುತ್ತಾ ಹೋಗುವುದಿಲ್ಲ. ಬಂದವರು ಯಾರೇ ಆಗಲಿ, ಗುಬ್ಬಿಗೆ ಬೇಕಾದವರು.

"ಆ ಮನೆ ವಿಷಯ ಯಾರಿಗೆ ಹೇಳಿದ್ದೆ?"

"ಯಾರಿಗೂ ಇಲ್ಲ. ದೊಡ್ಡಮ್ಮನಿಗೂ ಹೇಳಿಲ್ಲ."

"ಯಾರಾದ್ರೂ ನಿನ್ನ ಹಿಂದೆ ಬಂದಿರಬಹುದು. ಎಷ್ಟು ಸಲ ಹೋಗಿದ್ದೆ ಅಲ್ಲಿಗೆ?"

"ಒಂದೇ ಸಲ. ಹುಡುಕೋ ನೆಪದಲ್ಲಿ ಆಚೆ ಹೋಗಿದ್ನಲ್ಲ, ಆವಾಗ. ಫ್ರಾಕ್ ಇಸ್ಕೊಂಡು ಬರೋಕೆ ಅಂತ." ಅವಳು ಮಡಿಸಿದ ಬಟ್ಟೆಯೊಂದನ್ನು ತೊಡೆಯ ಮೇಲೆ ಎಳೆದುಕೊಂಡಳು. "ಬರಿಗೈಲಿ ಹೋಗೋಕೆ ಮನಸ್ಸಾಗ್ಲಿಲ್ಲ. ದಾರೀಲಿ ಒಂದು ಜೊತೆ ಹಸಿರು ಚಪ್ಪಲಿ ತಗೊಂಡೆ. ಮುಂದಿನ ರಜೆಗೂ ಆಗ್ಲಿ ಅಂತ ಒಂದು ಸೈಜ್ ದೊಡ್ಡದೇ ತಗೊಂಡಿದ್ದೆ. ಅದನ್ನ ಕಾಲಿಂದ ತೆಗೀತಾನೇ ಇರ್ಲಿಲ್ವಂತೆ. ಇವತ್ತೂ ಅದನ್ನೇ ಹಾಕ್ಕೊಂಡು ಹೋಗಿದ್ದಾಳೆ."

ಬೆಳಿಗ್ಗೆಯಿಂದ ಈ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವಳು ಬಟ್ಟೆ ಮಡಿಸುತ್ತಾ ಕೂತಿದ್ದಳು. ಯಾರ ಬಳಿ ಹೋಗಿ ಹೇಳುವುದು? ಸತ್ತಿದೆ ಎಂದು ತಾನೇ ನಂಬಿಸಿದ ಮಗು ಕಳೆದುಹೋಗಿದೆ ಎಂದು ದೂರು ಕೊಡುವುದು ಹೇಗೆ?

"ಪೊಲೀಸ್ನವರಿಗೆ ಹೇಳಿದ್ರೆ ನನ್ನ ಒಳಗೆ ಹಾಕ್ತಾರೆ," ಎಂದಳು. "ಗುಬ್ಬಿ ಸಿಕ್ಕಿದ್ರೂ ಅವಳನ್ನ ಅವರಪ್ಪನಿಗೇ ಕೊಡ್ತಾರೆ. ಹೇಳದೇ ಇದ್ರೆ ಅವಳು ಸಿಗೋದೇ ಇಲ್ಲ. ನೀವೇ ಹೇಳಿ ಮೇಡಂ, ನಾನು ಏನ್ ಮಾಡ್ಲಿ?"

ನಿಧಾನಮ್ಮ ತನ್ನ ಜೀವಮಾನದಲ್ಲಿ ಎಂದೂ ಇಷ್ಟು ಬೇಗ ಉತ್ತರ ಕೊಟ್ಟವಳಲ್ಲ.

"ಹೇಳ್ತೀವಿ. ಈಗಲೇ. ನಿನ್ನ ಪಾಲಿನದು ಆಮೇಲೆ ನೋಡ್ಕೊಳೋಣ, ಮಗು ಮೊದಲು ಸಿಗ್ಲಿ."

ಗುಬ್ಬಿಯ ತಾಯಿ ಕಣ್ಣು ಮುಚ್ಚಿ ತಲೆಯಾಡಿಸಿದಳು.

ನಿಧಾನಮ್ಮ ಫೋನ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಅದೇ ರಿಂಗಾಯಿತು. ಇನ್‌ಸ್ಪೆಕ್ಟರ್.

"ಮೇಡಂ, ಅಂಗಡೀಲೇ ಇದ್ದೀರಾ? ಮಗುವಿನ ತಾಯಿನ ಸ್ವಲ್ಪ ಕೆರೆ ಹತ್ರ ಕರ್ಕೊಂಡು ಬರ್ತೀರಾ?"

"ಯಾಕೆ?"

"ಏನಿಲ್ಲ, ಒಂದು ವಸ್ತು ಗುರುತು ಹಿಡೀಬೇಕಿತ್ತು. ಫ್ರಾಕ್ ಸಿಕ್ಕಿದ ಜಾಗದಲ್ಲೇ ಒಂದು ಜೊತೆ ಚಪ್ಪಲಿ ಇದೆ. ಬೆಳಿಗ್ಗೆ ನಾನೇ ಬಂದು ನೋಡಿದ್ದೆ, ಇರ್ಲಿಲ್ಲ. ನಮ್ಮವರು ಆಚೆ ದಂಡೇಲಿ ನೀರಿಗಿಳಿದಿದ್ದಾಗ ಯಾರೋ ಇಟ್ಟು ಹೋಗಿದ್ದಾರೆ."

"ಎಂಥ ಚಪ್ಪಲಿ?"

"ಹಸಿರು. ಹೊಸದು. ಆದ್ರೆ ಮಗುದೇ ಅಂತ ಹೇಳೋಕಾಗ್ತಿಲ್ಲ ಮೇಡಂ, ಮನೆಯವರು ಕೊಟ್ಟ ಕಾಲಿನ ಅಳತೆಗಿಂತ ಒಂದು ಸೈಜ್ ದೊಡ್ಡದಿದೆ."

ಮಂಚದ ಮೇಲಿಂದ ಗುಬ್ಬಿಯ ತಾಯಿ ಅವಳ ಮುಖವನ್ನೇ ನೋಡುತ್ತಿದ್ದಳು.

"ಏನಂತೆ ಮೇಡಂ?" ಎಂದಳು. "ಗುಬ್ಬಿ ಸುದ್ದೀನಾ?"